ತೆರೆ ಸರಿಸಿ ಬಂದರಿನೊಳಗೆ: ಆಟಿ ಮಳೆಯಲ್ಲಿ ಮನೆಯಲ್ಲೇ ಮಗುವಿನ ಹುಟ್ಟುಹಬ್ಬ

ಪ್ರಶ್ನೆ: ನಾವು ಮಂಗಳೂರಿನ ಬಿಜೈಯಲ್ಲಿ ಎರಡನೇ ಮಹಡಿಯ ಫ್ಲ್ಯಾಟಿನಲ್ಲಿದ್ದೇವೆ. ಎರಡು ಬೆಡ್‌ರೂಮು, ಒಂದು ಹಾಲ್. ಜುಲೈ ಕೊನೆಯ ವಾರ ಮಗನಿಗೆ 6 ವರ್ಷ ತುಂಬುತ್ತದೆ. ಕಳೆದ ವರ್ಷ ಹೊರಗೆ ಹಾಲ್ ಹಿಡಿದು, ಅಲಂಕಾರದವರಿಗೆ ಕೊಟ್ಟು, ಕಾರ್ಟೂನ್ ಗೊಂಬೆಯ ವೇಷದವರನ್ನೂ ಕರೆಸಿದ್ದೆವು. ಗೊಂಬೆ ಹತ್ತಿರ ಬಂದದ್ದೇ ತಡ, ಮಗ ಚೀರಿ ಅತ್ತು, ಕೇಕ್ ಕತ್ತರಿಸುವವರೆಗೂ ನನ್ನ ಸೊಂಟ ಬಿಟ್ಟು ಇಳಿಯಲಿಲ್ಲ. ಈ ಸಲ ಮನೆಯಲ್ಲೇ ಮಾಡಬೇಕೆಂದಿದ್ದೇವೆ. ಅಜ್ಜನ ಜತೆ ಆಗಾಗ ದಕ್ಕೆಗೆ, ಅಂದರೆ ಮೀನುಗಾರಿಕೆ ಬೋಟುಗಳು ನಿಲ್ಲುವ ಕಟ್ಟೆಗೆ, ಹೋಗಿ ಅವನಿಗೆ ದೋಣಿ, ಮೀನು ಎಂದರೆ ಹುಚ್ಚು. ಸಮುದ್ರದ ಥೀಮ್ ಬೇಕಂತೆ. 14 ಮಕ್ಕಳು ಬರಬಹುದು, ಇಬ್ಬರ ಜತೆ ಎರಡು ಮೂರು ವರ್ಷದ ತಮ್ಮ ತಂಗಿಯರೂ ಇರುತ್ತಾರೆ. ಖರ್ಚಿಗೆ 5,000 ರೂಪಾಯಿ ಎತ್ತಿಟ್ಟಿದ್ದೇನೆ. ತುಳುನಾಡಿನ ಮಳೆಗಾಲದ ಆಟಿ ತಿಂಗಳಲ್ಲಿ ಇದೆಲ್ಲ ಯಾಕೆ ಎನ್ನುತ್ತಾರೆ ಅತ್ತೆ. ಹೊರಗೆ ಮಳೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ದಕ್ಕೆಯಿಂದಲೇ ಶುರು ಮಾಡಿ. ಈ ವಾರ ಮಳೆ ಬಿಡುವು ಕೊಟ್ಟ ಒಂದು ಸಂಜೆ ಅಜ್ಜ ಮೊಮ್ಮಗನನ್ನು ಇನ್ನೊಮ್ಮೆ ಅಲ್ಲಿಗೆ ಕಳಿಸಿ. ಏನೇನು ಕಂಡಿತು ಎಂದು ಮಗ ಬಂದು ಹೇಳಲಿ, ನೀವು ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಟ್ಟು ಮರಿಯಾಗುವ ಕಾಲ, ಕಡಲೂ ಒರಟು. ಹಾಗಾಗಿ ನಿಮ್ಮ ಮಗನ ಹುಟ್ಟುಹಬ್ಬದ ಹೊತ್ತಿಗೆ ಬೋಟುಗಳೆಲ್ಲ ಒಂದಕ್ಕೊಂದು ಮೈ ಆನಿಸಿಕೊಂಡು ಬಂದರಿನಲ್ಲಿ ನಿಂತಿರುತ್ತವೆ. ಒಂದು ಕಡೆ ಬಲೆ ಹರಡಿಕೊಂಡು ಕೂತು ಹರಿದಲ್ಲೆಲ್ಲ ಹೆಣೆಯುತ್ತಿರುತ್ತಾರೆ, ಇನ್ನೊಂದು ಕಡೆ ಇಂಜಿನ್ ಬಿಚ್ಚಿಟ್ಟಿರುತ್ತಾರೆ, ಮತ್ತೊಂದು ಕಡೆ ಬಣ್ಣದ ಕೆಲಸ. ಆಗಸ್ಟ್ 1ಕ್ಕೆ ಎಲ್ಲ ಸಿದ್ಧವಾಗಬೇಕು.

ನಾನು ಕೂತು ಹೆಣೆದರೂ ಇದಕ್ಕಿಂತ ಒಳ್ಳೆಯ ಕಥೆ ಬರಲಿಕ್ಕಿಲ್ಲ. ಬೋಟುಗಳ ರಜೆ ಮುಗಿಯುತ್ತಾ ಬಂತು. ಬಲೆ ಹರಿದಿದೆ. ದೋಣಿಗೆ ಇನ್ನೂ ಹೆಸರಿಟ್ಟಿಲ್ಲ. ದೀಪಸ್ತಂಭದ ದೀಪ ಆರಿದೆ. ಕೆಲಸಕ್ಕೆ ಜನ ಸಾಲದು. ನಿಮ್ಮ ಮನೆಗೆ ಬರುವ 14 ಮಕ್ಕಳೇ ಆ ಜನ. ಮುಂದಿನದ್ದೆಲ್ಲ ಈ ಕೆಲವೇ ಸಾಲಿನಿಂದ ತಾನಾಗಿ ಹುಟ್ಟಿಕೊಳ್ಳುತ್ತದೆ.

ಯಾಕೆ ಅಲಂಕಾರದ ಮಾತು ಬಿಟ್ಟು ಕಥೆಯ ಮಾತು ಎತ್ತಿದೆ ಎಂದರೆ, ನನಗೇ ಒಮ್ಮೆ ಹೀಗಾಗಿತ್ತು. ಉಡುಪಿಯಲ್ಲಿ ಬಾಲವಾಡಿ ಮಕ್ಕಳಿಗೆ ಕಲಿಸಲು ಶುರು ಮಾಡಿದ ಹೊಸತು. ಮಗಳ ಐದನೇ ಹುಟ್ಟುಹಬ್ಬಕ್ಕೆ ಎರಡು ರಾತ್ರಿ ನಿದ್ದೆಗೆಟ್ಟು ಚಾವಡಿಯನ್ನೇ ಕಾಡು ಮಾಡಿದ್ದೆ. ಹಸಿರು ಕಾಗದದ ಬಳ್ಳಿ, ರಟ್ಟಿನ ಆನೆ, ಕಿಟಕಿಯಲ್ಲಿ ಮಂಗ. ಮಕ್ಕಳು ಬಂದರು, ಆನೆಯ ಸೊಂಡಿಲು ಮುಟ್ಟಿದರು, ಎರಡು ನಿಮಿಷದಲ್ಲಿ ಕಾಡನ್ನು ಮರೆತು ಮಂಚದಡಿ ನುಗ್ಗಿ ಹಿಡಿಯುವ ಆಟಕ್ಕೆ ಇಳಿದರು. ಸಂಜೆ ಬಳ್ಳಿ ಕಿತ್ತು ಮಡಚುವಾಗ ಹೊಳೆಯಿತು: ಆ ಕಾಡಿನಲ್ಲಿ ನೋಡಲಿಕ್ಕೆ ಬೇಕಾದಷ್ಟು ಇತ್ತು, ಮಾಡಲಿಕ್ಕೆ ಏನೂ ಇರಲಿಲ್ಲ. ಐದಾರು ವರ್ಷದ ಮಗು ಕಲ್ಪಿಸಿಕೊಳ್ಳುವುದು ಕೈಕಾಲಿನಿಂದ. ಅಂದಿನಿಂದ ಯಾರು ಥೀಮ್ ಎಂದರೂ ನಾನು ಮೊದಲು ಕೇಳುವುದು, ಅದರಲ್ಲಿ ಮಕ್ಕಳಿಗೆ ಏನು ಕೆಲಸ ಇಟ್ಟಿದ್ದೀರಿ ಎಂದು.

ಹಾಗಾಗಿ ಬಾಗಿಲಿಗೆ ಬಲೂನಿನ ಕಮಾನು ಬೇಡ. ಅತ್ತೆಯ ಹಳೆಯ ನೀಲಿ ಸೀರೆ ಒಂದಿದ್ದರೆ ಕೇಳಿ ತೆಗೆದುಕೊಳ್ಳಿ. ಯಕ್ಷಗಾನದಲ್ಲಿ ದೊಡ್ಡ ವೇಷಗಳ ಒಡ್ಡೋಲಗ, ಅಂದರೆ ರಂಗಪ್ರವೇಶ, ನೀವು ನೋಡಿಯೇ ಇರುತ್ತೀರಿ. ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಮೇಲಿನಿಂದ ಕಿರೀಟದ ತುದಿ ಕಾಣುತ್ತದೆ, ಕೆಳಗಿನಿಂದ ಹೆಜ್ಜೆ ಕಾಣುತ್ತದೆ, ತೆರೆ ಸರಿಯುವಷ್ಟರಲ್ಲಿ ನಮ್ಮ ಎದೆ ಡವಗುಟ್ಟುತ್ತಿರುತ್ತದೆ. ಅಲೆಗೂ ತೆರೆ ಎನ್ನುತ್ತೇವೆ, ಪರದೆಗೂ ತೆರೆ ಎನ್ನುತ್ತೇವೆ. ಇಷ್ಟು ಚೆಂದದ ಅನುಕೂಲ ನಮ್ಮ ಭಾಷೆಯೇ ಮಾಡಿಕೊಟ್ಟಿರುವಾಗ ಬಿಡುವುದು ಯಾಕೆ? ಒಳಬಾಗಿಲಲ್ಲಿ ಇಬ್ಬರು ದೊಡ್ಡವರು ಸೀರೆಯನ್ನು ಮಗುವಿನ ಎದೆಮಟ್ಟಕ್ಕೆ ಹಿಡಿದು ಅಲೆಯಂತೆ ಮೆಲ್ಲಗೆ ತೂಗಲಿ. ಮಗು ಅದರ ಆಚೆ ನಿಲ್ಲಲಿ. ನೀವು ಈಚೆಯಿಂದ ಕೂಗಿ ಕೇಳಿ: "ತಾಂಡೇಲರೇ, ಯಾವ ಊರಿನ ಬೋಟು? ಹೆಸರೇನು?" ಬೋಟು ನಡೆಸುವವನಿಗೆ ತಾಂಡೇಲ ಎನ್ನುವುದು ನಿಮ್ಮ ಮಗನಿಗೆ ಗೊತ್ತಿರುತ್ತದೆ, ಉಳಿದವರಿಗೆ ಅವನೇ ಹೇಳಿಕೊಡಲಿ. ಮಗು ಬಾಯಿಗೆ ಬಂದ ಹೆಸರು ಹೇಳುತ್ತದೆ, ತೆರೆ ಏಳುತ್ತದೆ, ಅದು ಬಗ್ಗಿ ಒಳಗೆ ಬರುತ್ತದೆ, ತಲೆಗೊಂದು ಮುಟ್ಟಾಳೆ. ಅಡಿಕೆ ಹಾಳೆಯ ಮುಟ್ಟಾಳೆ ಸಿಗದಿದ್ದರೆ ಕಾಗದದ ಟೊಪ್ಪಿ ಆದೀತು. ಹಾಳೆಯದ್ದು ತಂದರೆ ಅಂದೇ ತರಬೇಡಿ, ಈ ತಿಂಗಳು ಅದಕ್ಕೆ ಬೂಸ್ಟು ಹಿಡಿದಿರುತ್ತದೆ. ಎರಡು ದಿನ ಮೊದಲು ತಂದು ಒರೆಸಿ ಒಲೆಯ ಹತ್ತಿರ ಬೆಚ್ಚಗೆ ಇಡಿ. ಹಬ್ಬ ಮುಗಿದ ಮೇಲೆ ಮಕ್ಕಳು ಅದನ್ನೇ ಮನೆಗೆ ಒಯ್ಯಲಿ; ರಿಟರ್ನ್ ಗಿಫ್ಟ್ ಎಂದು ಬೇರೆ ಖರ್ಚು ಬೇಡ.

ಮುಟ್ಟಾಳೆ ಇಟ್ಟ ಕೂಡಲೇ ಕೈಗೆ ಕೆಲಸ ಬರಬೇಕು. 14 ಮಕ್ಕಳು ಒಟ್ಟಿಗೆ ಬರುವುದಿಲ್ಲ. ಮೊದಲು ಬಂದವನು ಕೊನೆಯವನು ಬರುವವರೆಗೆ 20 ನಿಮಿಷ ಸುಮ್ಮನೆ ಇರಬೇಕಾದರೆ, ಆ 20 ನಿಮಿಷದಲ್ಲೇ ನಿಮ್ಮ ಸೋಫಾ ಕುದುರೆಯಾಗುತ್ತದೆ. ನೆಲದ ಮೇಲೆ ಹಳೆಯ ಪೇಪರ್ ಹಾಸಿ, ಹಳೆಯ ಬೆಡ್‌ಶೀಟಿನ ತುಂಡು ಮತ್ತು ಮೇಣದ ಬಣ್ಣ ಇಡಿ. ಪ್ರತಿಯೊಬ್ಬರೂ ತಮ್ಮ ಬೋಟಿನ ಬಾವುಟಕ್ಕೆ ಹೆಸರು, ನಂಬರು ಬರೆಯಲಿ.

ಈಗ ನಾಚಿಕೆಯ ಮಗುವಿನ ವಿಷಯ. ಒಬ್ಬರಾದರೂ ಇರುತ್ತಾರೆ. ಕೆಲವು ವರ್ಷಗಳ ಹಿಂದೆ ಉಡುಪಿಯ ಒಂದು ಮನೆಯಲ್ಲಿ ಇಂಥದ್ದೇ ಹುಟ್ಟುಹಬ್ಬ ನಡೆಸಿಕೊಟ್ಟಿದ್ದೆ. ಐದು ವರ್ಷದ ಒಂದು ಹುಡುಗಿ ಹೊಸ್ತಿಲಲ್ಲೇ ನಿಂತಳು. ಒಂದು ಕಾಲಿನ ಚಪ್ಪಲಿ ಬಿಚ್ಚಿದ್ದಾಳೆ, ಇನ್ನೊಂದು ಬಿಚ್ಚಿಲ್ಲ, ಅಮ್ಮನ ಸೆರಗು ಮುಷ್ಟಿಯಲ್ಲಿ. ಒಳಗೆ ಬಾ ಎಂದು ಎಲ್ಲರೂ ಕರೆದಷ್ಟೂ ಹಿಂದೆ ಹೋಗುತ್ತಿದ್ದಳು. ನಾನು ಅಡುಗೆಮನೆಯಿಂದ ತಡ್ಪೆ, ಅಂದರೆ ಮೊರ, ತಂದು ಎರಡು ಹಿಡಿ ಹುರುಳಿ ಹಾಕಿ, ಅವಳ ಪಕ್ಕದಲ್ಲಿ ಹೊಸ್ತಿಲ ಮೇಲೆ ಕೂತು, ಅವಳನ್ನು ನೋಡದೆ ಮೆಲ್ಲಗೆ ಓರೆ ಮಾಡಿದೆ. ಹುರುಳಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸರ್ರನೆ ಹರಿಯಿತು. ಪಡುಬಿದ್ರೆಯ ಕಡಲ ತೀರದಲ್ಲಿ ಅಲೆ ಮರಳಿನಿಂದ ಹಿಂದಕ್ಕೆ ಎಳೆದುಕೊಳ್ಳುವ ಶಬ್ದ ಉಂಟಲ್ಲ, ಅದೇ. ಮೂರನೇ ಸಲಕ್ಕೆ ಸೆರಗು ಬಿಟ್ಟು ಅವಳು ತಡ್ಪೆಯ ಅಂಚು ಹಿಡಿದಳು. "ಸಮುದ್ರ ನೀನೇ ನೋಡಿಕೊಳ್ಳಬೇಕು, ನನಗೆ ಬೇರೆ ಕೆಲಸ ಉಂಟು" ಎಂದು ಎದ್ದು ಹೋದೆ.

ಅವಳು ಅಲ್ಲೇ ಕೂತು ಸಮುದ್ರ ಮಾಡುತ್ತಾ ಇದ್ದಳು. ಒಳಗೆ ಮಕ್ಕಳು ದೋಣಿ ಹತ್ತಿ ತೂಗಾಡುತ್ತಿದ್ದರು. ಕೈ ಸೋತು ಅವಳೊಮ್ಮೆ ನಿಲ್ಲಿಸಿದಳು. ಒಬ್ಬ ಹುಡುಗ "ಏ, ಸಮುದ್ರ ನಿಂತಿತು!" ಎಂದು ಕೂಗಿದ, ಎಲ್ಲರೂ ಇದ್ದಲ್ಲೇ ಕಲ್ಲಾದರು. ಅವಳು ತಲೆಯೆತ್ತಿ ನೋಡಿದಳು. ಮತ್ತೆ ತಡ್ಪೆ ಓರೆ ಮಾಡಿದಳು, ಎಲ್ಲರೂ ಚಲಿಸಿದರು. ಮತ್ತೆ ನಿಲ್ಲಿಸಿದಳು. ಆ ಮುಖದಲ್ಲಿ ಬಂದ ನಗೆಯನ್ನು ನಾನು ಇವತ್ತಿಗೂ ಮರೆತಿಲ್ಲ. ಆ ಆಟವನ್ನು ನಾನು ಕಲಿಸಿದ್ದಲ್ಲ, ಅವರೇ ಕಂಡುಕೊಂಡದ್ದು. ನಿಮ್ಮಲ್ಲೂ ತಡ್ಪೆಯೋ ಗೆರಸೆಯೋ ಒಂದು ಸಿದ್ಧವಾಗಿಟ್ಟುಕೊಳ್ಳಿ. ಎರಡು ಮೂರು ವರ್ಷದ ಪುಟಾಣಿಗಳು ಹತ್ತಿರ ಇದ್ದರೆ ಮಾತ್ರ ಕಾಳು ಹಾಕಿದ ತಡ್ಪೆ ಬೇಡ, ಮೂಗಿಗೆ ಬಾಯಿಗೆ ತುರುಕಿಕೊಳ್ಳುತ್ತಾರೆ. ಮುಚ್ಚಳ ಗಟ್ಟಿಯಾಗಿ ಟೇಪ್ ಸುತ್ತಿದ ಸ್ಟೀಲ್ ಡಬ್ಬಿಯಲ್ಲಿ ಕಾಳು ಹಾಕಿ ಕೊಡಿ.

ದೋಣಿ ಹೇಗೆ ಮಾಡುವುದು? 14 ಮಕ್ಕಳು ಕೂರುವ ದೋಣಿ ನಿಮ್ಮ ಹಾಲಿನಲ್ಲಿ ಹಿಡಿಸದು, ಹಿಡಿಸುವ ಅಗತ್ಯವೂ ಇಲ್ಲ. ಬಟ್ಟೆ ಒಣಗಿಸುವ ಹಗ್ಗವನ್ನು ಗಂಟು ಹಾಕಿ ಉದ್ದ ಉಂಗುರ ಮಾಡಿ. ಏಳು ಮಕ್ಕಳು ಹಗ್ಗದೊಳಗೆ ಸಾಲಾಗಿ ನಿಂತು ಎರಡೂ ಕೈಯಲ್ಲಿ ಹಗ್ಗ ಹಿಡಿದರೆ ಅದೇ ದೋಣಿ. ಮುಂದೆ ರಟ್ಟಿನದ್ದೊಂದು ಮೂತಿ, ಹಿಂದೆ ಅವರೇ ಬಣ್ಣ ಹಾಕಿದ ಬಾವುಟ. ಇಂಥ ಎರಡು ದೋಣಿ. ಒಂದು ಕೆಲಸದಲ್ಲಿದ್ದರೆ ಇನ್ನೊಂದು ಬಂದರಿನಲ್ಲಿರಲಿ. ಯಾರು ಮುಂದೆ, ಯಾರು ಹಿಂದೆ ಎಂಬುದನ್ನು ಎರಡು ನಿಮಿಷಕ್ಕೊಮ್ಮೆ ಬದಲಿಸಿ, ಇಲ್ಲವಾದರೆ ಜಗಳ ಅಲ್ಲೇ.

ರಟ್ಟಿನ ಕೆಲಸಕ್ಕೆ ಒಂದು ಎಚ್ಚರಿಕೆ. ಬೇಸಿಗೆ ಶಿಬಿರದಲ್ಲಿ ಕಲ್ಲಿನಂತೆ ನಿಲ್ಲುವ ರಟ್ಟು ಆಟಿಯ ತೇವಕ್ಕೆ ನಾಲ್ಕು ದಿನದಲ್ಲಿ ನೆನೆದ ಹಪ್ಪಳದಂತೆ ಬಾಗುತ್ತದೆ. ಗೋಂದು ಒಣಗುವುದಿಲ್ಲ, ಪೇಪರ್ ನೆನೆಸಿ ಮಾಡುವ ಮುಖವಾಡ ಈ ತಿಂಗಳಲ್ಲಿ ಆಗಲೇ ಆಗದು. ರಟ್ಟನ್ನು ಎರಡು ಪದರ ಮಾಡಿ: ಒಂದರ ಒಳಗೀರು ಉದ್ದಕ್ಕೆ, ಇನ್ನೊಂದರದ್ದು ಅಡ್ಡಕ್ಕೆ ಬರಲಿ. ಗೋಂದಿನ ಬದಲು ದಪ್ಪ ದಾರದಲ್ಲಿ ಹೊಲಿಯಿರಿ. ಗೋಣಿ ಹೊಲಿಯುವ ದಬ್ಬಣ ಇದ್ದರೆ ಅರ್ಧ ಗಂಟೆಯ ಕೆಲಸ. ರಾತ್ರಿ ಕಪಾಟಿನ ಮೇಲೆ ಇಡಿ, ನೆಲಕ್ಕೆ ತಾಗಿಸಿ ಇಡಬೇಡಿ. ಮಗನನ್ನು ಜತೆಗೆ ಕೂರಿಸಿಕೊಳ್ಳಿ. ವಕ್ರವಾಗಿ ಬಣ್ಣ ಹಚ್ಚಿದರೆ ಹಚ್ಚಲಿ, ರಾತ್ರಿ ಅವನು ಮಲಗಿದ ಮೇಲೆ ಸರಿಪಡಿಸಬೇಡಿ. ಬೆಳಿಗ್ಗೆ ಅವನಿಗೆ ಗೊತ್ತಾಗುತ್ತದೆ.

ಥರ್ಮಾಕೋಲಿನಲ್ಲಿ ಸುಲಭ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅಲಂಕಾರಕ್ಕೆ ಥರ್ಮಾಕೋಲ್, ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಸ್ಟ್ರಾ ಎಲ್ಲವೂ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ಹಾಳೆತಟ್ಟೆ ನಮ್ಮ ಜಿಲ್ಲೆಯದ್ದೇ, ಸ್ಟೀಲ್ ಲೋಟ ಮನೆಯಲ್ಲಿರುತ್ತದೆ. ದಕ್ಕೆಯಿಂದ ಹಳೆಯ ಬಲೆ ತಂದು ಗೋಡೆಗೆ ಹಾಕುವ ಆಸೆ ನನಗೂ ಇತ್ತು. ಒಗೆದರೆ ಒಣಗಿಸಲು ಬಿಸಿಲಿಲ್ಲ, ವಾಸನೆ ಹೋಗುವುದಿಲ್ಲ, ನೈಲಾನ್ ಎಳೆಗೆ ಮಕ್ಕಳ ಬೆರಳು ಸಿಕ್ಕಿಕೊಳ್ಳುತ್ತದೆ. ಬೇಡ.

ಬಲೆಯನ್ನು ಮಕ್ಕಳೇ ಹೆಣೆಯಲಿ. ಎಲ್ಲರೂ ವೃತ್ತವಾಗಿ ಕೂರಲಿ. ಉಣ್ಣೆ ದಾರದ ದೊಡ್ಡ ಉಂಡೆ ನಿಮ್ಮ ಮಗನ ಕೈಗೆ ಕೊಡಿ. ಅವನು ತುದಿಯನ್ನು ಗಟ್ಟಿಯಾಗಿ ಹಿಡಿದು, ಎದುರಿನ ಒಬ್ಬರ ಹೆಸರು ಕರೆದು ಉಂಡೆ ಉರುಳಿಸಲಿ. ಅವರು ದಾರ ಹಿಡಿದುಕೊಂಡು ಮತ್ತೊಬ್ಬರಿಗೆ. ಎರಡು ಸುತ್ತಿನಲ್ಲಿ ನಡುವೆ ನಿಜವಾದ ಬಲೆ ಮೂಡುತ್ತದೆ. ಕಾಗದದ ಬಂಗುಡೆ, ಬೂತಾಯಿ, ಅಂಜಲ್ ಮೊದಲೇ ಕತ್ತರಿಸಿಟ್ಟಿರಿ. ಅವನ್ನು ಬಲೆಯ ಮೇಲೆ ಸುರಿದು "ಎಳೆಯಿರಿ" ಎಂದಾಗ ಎಲ್ಲರೂ ಒಟ್ಟಿಗೆ ಎತ್ತಬೇಕು. ಒಬ್ಬ ದಾರ ಬಿಟ್ಟರೂ ಆ ಕಡೆಯಿಂದ ಮೀನು ಜಾರುತ್ತದೆ, ಇದನ್ನು ನೀವು ಹೇಳಬೇಕಾಗಿಲ್ಲ, ಅವರಿಗೇ ಕಾಣುತ್ತದೆ. ಆಯಸ್ಕಾಂತದ ಗಾಳದಲ್ಲಿ ಮೀನು ಹಿಡಿಯುವ ಆಟವೂ ಇದೆ, ಆದರೆ ಪುಟ್ಟ ಗುಂಡಿಯಂಥ ಬಲವಾದ ಆಯಸ್ಕಾಂತಗಳನ್ನು ಮನೆಗೆ ತರಲೇಬೇಡಿ. ಎರಡನ್ನು ನುಂಗಿದರೆ ಕರುಳಿನೊಳಗೆ ಅವು ಒಂದನ್ನೊಂದು ಸೆಳೆದು ತೂತು ಮಾಡಿಬಿಡುತ್ತವೆ.

ಬಲೆ ಆದ ಮೇಲೆ ದೋಣಿ ಹೊರಡಲಿ, ಮಲ್ಪೆಯ ಕಡಲಿನಲ್ಲಿ ಮೂಲೆ ಮೂಲೆಯ ಕಲ್ಲಿನ ಕಂಬಗಳಿರುವ ಸೇಂಟ್ ಮೇರೀಸ್ ದ್ವೀಪಕ್ಕೆ. ಮಳೆಗಾಲದಲ್ಲಿ ಮಲ್ಪೆಯಿಂದ ಅಲ್ಲಿಗೆ ಪ್ರವಾಸಿ ಬೋಟು ಇರುವುದಿಲ್ಲ, ನಿಮ್ಮ ಹಾಲಿನಲ್ಲಿ ಮಾತ್ರ ಉಂಟು. ಹಳೆಯ ಕ್ಯಾಲೆಂಡರಿನ ದಪ್ಪ ಕಾಗದದಲ್ಲಿ ಆರು ಮೂಲೆಯ ತುಂಡುಗಳನ್ನು ಕತ್ತರಿಸಿ ಕಾರಿಡಾರಿನುದ್ದಕ್ಕೂ ನೆಲಕ್ಕೆ ಟೇಪಿನಿಂದ ಅಂಟಿಸಿ. ಟೇಪ್ ನಾಲ್ಕೂ ಕಡೆ ಹಾಕಿ, ತೇವದ ಟೈಲ್ಸ್ ಮೇಲೆ ಕಾಗದ ಜಾರುತ್ತದೆ. ಕಲ್ಲಿನಿಂದ ಕಲ್ಲಿಗೆ ಹೆಜ್ಜೆ, ನಡುವೆ ಕಾಲಿಟ್ಟರೆ ನೀರು. ಆಟದ ನಡುವೆ ಅಜ್ಜ ಒಂದು ಮಾತು ಹೇಳಲಿ: ಈ ಕಲ್ಲಿನ ಕಂಬಗಳನ್ನು ಯಾರೂ ಕಡೆದದ್ದಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಅಂಟಿಕೊಂಡಿದ್ದ ಭಾರತ ಮತ್ತು ಮಡಗಾಸ್ಕರ್ ಬೇರೆಯಾಗುತ್ತಿದ್ದ ಕಾಲದಲ್ಲಿ, ನೆಲದೊಳಗಿಂದ ಲಾವಾ ಉಕ್ಕಿ ಹರಿಯಿತು. ತಣಿಯುತ್ತಾ ಕುಗ್ಗುವಾಗ, ಒಣಗಿದ ಗದ್ದೆಯ ಕೆಸರು ಬಿರಿಯುವಂತೆ, ಬಿರಿದು ಕಂಬ ಕಂಬವಾಯಿತು. ಆರು ವರ್ಷದ ಮಕ್ಕಳಿಗೆ ಇದು ತಿಳಿಯದು ಎಂದುಕೊಳ್ಳಬೇಡಿ. ಕೋಟಿ ಎಂಬ ಸಂಖ್ಯೆಗೆ ಅವರು ಬಾಯಿ ಬಿಡುತ್ತಾರೆ, ಕೆಸರು ಬಿರಿಯುವುದನ್ನು ಕೆಲವರಾದರೂ ನೋಡಿರುತ್ತಾರೆ.

ಗೆದ್ದವರು ಸೋತವರು, ಔಟ್ ಆದವರು ಎಂಬ ಆಟ ಯಾವುದೂ ಬೇಡ. ಕುರ್ಚಿ ಆಟದಲ್ಲಿ ಮೊದಲು ಹೊರಬಿದ್ದ ಮಗು ಉಳಿದ ಹೊತ್ತೆಲ್ಲ ಏನು ಮಾಡಬೇಕು?

ಈಗ ದೀಪಸ್ತಂಭ. ಹೊರಗೆ ಮೋಡ ಕವಿದಿರುತ್ತದೆ, ಕಿಟಕಿಯ ಪರದೆ ಎಳೆದರೆ ಒಳಗೆ ಮಬ್ಬುಗತ್ತಲೆ. ಕರೆಂಟು ಹೋದರೆ ಇನ್ನೂ ಒಳ್ಳೆಯದಾಯಿತು, ಹೋಗದಿದ್ದರೆ ನೀವೇ ಲೈಟ್ ಆರಿಸಿ. ಒಂದು ಮೂಲೆಯಲ್ಲಿ ಅಜ್ಜ ಟಾರ್ಚ್ ಹಿಡಿದು ನಿಲ್ಲಲಿ. 1901ರಿಂದ ಕಾಪುವಿನ ಬಂಡೆಯ ಮೇಲೆ ದೀಪಸ್ತಂಭ ನಿಂತಿದೆ, ಸುರತ್ಕಲ್ಲಿನಲ್ಲೂ ಒಂದಿದೆ. ಪ್ರತಿಯೊಂದೂ ತನ್ನದೇ ಲೆಕ್ಕದಲ್ಲಿ ಮಿನುಗುತ್ತದೆ. ಎಷ್ಟು ಸೆಕೆಂಡಿಗೆ ಎಷ್ಟು ಮಿಂಚು ಎಂದು ಎಣಿಸಿಯೇ ರಾತ್ರಿ ಕಡಲಿನಲ್ಲಿರುವವರು ಇದು ಯಾವ ಊರಿನ ದೀಪ ಎಂದು ಗುರುತಿಸುವುದು. ನಮ್ಮ ಆಟದ ಲೆಕ್ಕ ಸುಲಭ ಇರಲಿ: ಎರಡು ಮಿಂಚು ಎಂದರೆ ಕಾಪು, ದೋಣಿ ಬಲಕ್ಕೆ, ಮೂರು ಎಂದರೆ ಸುರತ್ಕಲ್, ಎಡಕ್ಕೆ. ಮಾತಿಲ್ಲದೆ, ಬರೇ ಎಣಿಸುತ್ತಾ, ಎರಡೂ ದೋಣಿ ಬಂದರಿಗೆ ಬರಬೇಕು. 14 ಮಕ್ಕಳಿರುವ ಮನೆ ಆ ಎರಡು ನಿಮಿಷ ಎಷ್ಟು ಮೌನವಾಗುತ್ತದೆ ಎಂದು ನೀವೇ ನೋಡಿ.

ಬಂದರು ಎಂದರೆ ಕೇಕಿನ ಮೇಜು. ಇಲ್ಲೇ ನಿಮ್ಮ ಅತ್ತೆಯ ಪಾತ್ರ. ಆಟಿಯಲ್ಲಿ ಮದುವೆ, ಗೃಹಪ್ರವೇಶದಂಥ ಶುಭಕಾರ್ಯ ಇಟ್ಟುಕೊಳ್ಳುವುದಿಲ್ಲ ನಿಜ. ಆದರೆ ಮಗು ಹುಟ್ಟಿದ ದಿನ ಆಟಿಯಲ್ಲೇ ಬಂದರೆ ಏನು ಮಾಡುವುದು? ಅವರ ಮನಸ್ಸಿನಲ್ಲಿ ಇರುವುದು ಕಳೆದ ವರ್ಷದ ಗದ್ದಲ ಇರಬಹುದು. ವಾದ ಮಾಡಲು ಹೋಗಬೇಡಿ. "ಅತ್ತೆ, ಈ ಸಲ ಕ್ಯಾಂಡಲ್ ಊದಿ ಆರಿಸುವುದಿಲ್ಲ, ದೀಪ ಹಚ್ಚುವುದು. ನೀವೇ ಅವನ ಕೈ ಹಿಡಿದು ಹಚ್ಚಿಸಬೇಕು" ಎಂದು ಹೇಳಿ. ಮನೆಯ ಕಾಲುದೀಪವೇ ದೀಪಸ್ತಂಭ. ದೀಪ ಆರಿದ್ದರಿಂದಲ್ಲವೇ ಈ ಕಥೆ ಶುರುವಾದದ್ದು, ಕಥೆ ಮುಗಿಯುವಾಗ ಅದು ಹೊತ್ತಬೇಕು. ದೋಣಿಗಳು ದಡ ಸೇರುತ್ತವೆ, ಮಗ ಅಜ್ಜಿಯ ಕೈಯೊಳಗೆ ಕೈ ಇಟ್ಟು ಬತ್ತಿಗೆ ಬೆಂಕಿ ತಾಗಿಸುತ್ತಾನೆ, ಎಲ್ಲರೂ ಹಾಡುತ್ತಾರೆ. ಮಗನಿಗೆ ಊದಲೇಬೇಕು ಎಂದಿದ್ದರೆ ಕೇಕಿನ ಮೇಲೆ ಬೇರೆ ಒಂದು ಪುಟ್ಟ ಕ್ಯಾಂಡಲ್ ಇಡಿ, ಅದಕ್ಕೆ ಮುಖ ಸಣ್ಣ ಮಾಡಿಸಬೇಡಿ. ಕಾಲುದೀಪವನ್ನು ಗೋಡೆಗೆ ತಾಗಿ, ಮಕ್ಕಳ ಕೈಗೆ ಎಟುಕದಷ್ಟು ಹಿಂದೆ ಇಡಿ. ಹುಟ್ಟುಹಬ್ಬದ ಮಗು ಕಡೆಯವರೆಗೂ ತಾಂಡೇಲನಾಗಿಯೇ ಇರಬೇಕೆಂದಿಲ್ಲ. ಎಲ್ಲರೂ ಸರದಿಯಲ್ಲಿ ತಾಂಡೇಲರಾಗಲಿ. ದೀಪ ಮಾತ್ರ ಅವನದ್ದು.

ಕೇಕಿನ ಬಗ್ಗೆ: ಸಕ್ಕರೆ ಹಿಟ್ಟಿನ ಹೊದಿಕೆ ಹಾಕಿ ಹಡಗು, ಮೀನು ಮಾಡಿಕೊಡುವ ಕೇಕ್ ಈ ಹವೆಗೆ ಸರಿಯಲ್ಲ. ಫ್ರಿಜ್ಜಿನಿಂದ ಹೊರಗಿಟ್ಟ ಸ್ವಲ್ಪ ಹೊತ್ತಿಗೇ ತೇವ ಹಿಡಿದು ಬೆವರುತ್ತದೆ, ಬಣ್ಣ ಕೈಗೆ ಬರುತ್ತದೆ. ಬೇಕರಿಯ ಒಂದು ಸಾದಾ ಮೊಟ್ಟೆಯಿಲ್ಲದ ಕೇಕ್ ತನ್ನಿ. ಸುತ್ತ ಸಮುದ್ರವನ್ನು ನೀವು ಮಾಡಿ. ಇದು ನನ್ನ ಮೆಚ್ಚಿನ ಭಾಗ. ಬೇಲಿಯ ಮೇಲೆ ಹಬ್ಬುವ ಶಂಖಪುಷ್ಪದ ನೀಲಿ ಹೂ ಹತ್ತು ಹನ್ನೆರಡು, ಒಂದು ಲೋಟ ಬಿಸಿನೀರಿನಲ್ಲಿ ಐದು ನಿಮಿಷ. ನೀರು ಕಡುನೀಲಿ ಆಗುತ್ತದೆ. ಸುಮಾರು ಮುಕ್ಕಾಲು ಲೀಟರಿಗೆ 10 ಗ್ರಾಂ ಚೈನಾ ಗ್ರಾಸ್ ಲೆಕ್ಕ. ಮೊದಲು ನೆನೆಸಿ, ಪೂರ್ತಿ ಕರಗುವವರೆಗೆ ಕುದಿಸಿ, ಸಕ್ಕರೆ ಮತ್ತು ಈ ನೀಲಿ ನೀರು ಸೇರಿಸಿ ಅಗಲ ತಟ್ಟೆಗೆ ಹೊಯ್ಯಿರಿ. ಚೈನಾ ಗ್ರಾಸ್ ಆಗುವುದು ಕಡಲ ಪಾಚಿಯಿಂದ, ಹಾಗಾಗಿ ಶುದ್ಧ ಸಸ್ಯಾಹಾರ, ಕಥೆಗೂ ಹೊಂದುತ್ತದೆ. ಫ್ರಿಜ್ಜೇ ಬೇಡ, ಹೊರಗೇ ಗಟ್ಟಿಯಾಗುತ್ತದೆ. ಒಮ್ಮೆ ಗಟ್ಟಿಯಾದರೆ ಮತ್ತೆ ಕರಗಲು 85 ಡಿಗ್ರಿಯಷ್ಟು ಬಿಸಿ ಬೇಕು, ಕರೆಂಟು ಹೋದರೂ ನಿಮ್ಮ ಸಮುದ್ರ ಅಲುಗುವುದಿಲ್ಲ. ಪುಟಾಣಿಗಳಿಗೆ ಚಮಚದಲ್ಲಿ ಪುಡಿ ಮಾಡಿ ಕೊಡಿ, ತುಂಡು ಕೊಡಬೇಡಿ.

ಅದೇ ನೀಲಿ ನೀರನ್ನು ಸ್ವಲ್ಪ ಉಳಿಸಿ ತಣಿಸಿ, ಸಕ್ಕರೆ ಹಾಕಿ ಸ್ಟೀಲಿನ ಬದಲು ಗಾಜಿನ ಜಗ್ಗಿನಲ್ಲಿ ಇಡಿ. ಮಕ್ಕಳ ಎದುರಿಗೆ ನಿಂಬೆರಸ ಹಿಂಡಿ. ನೀಲಿ ಹೋಗಿ ನೇರಳೆಯಾಗುತ್ತದೆ. ಹುಳಿ ತಾಗಿದರೆ ಆ ಹೂವಿನ ಬಣ್ಣ ಬದಲಾಗುವುದೇ ಹಾಗೆ. ನಿಂಬೆಯ ಬದಲು ಪುನರ್ಪುಳಿಯ ಶರಬತ್ತು ಬೆರೆಸಿದರೆ ಇನ್ನೂ ಕೆಂಪು. ಸೂರ್ಯ ಕಡಲಿಗೆ ಇಳಿಯುವಾಗ ನೀರಿನ ಬಣ್ಣ ಹೀಗೇ ಅಲ್ಲವಾ ಎಂದು ಕೇಳಿ ನೋಡಿ.

ತಿಂಡಿಗೆ ನೀರುದೋಸೆ ಮಾಡಿ. ನೀರುದೋಸೆ ಮಡಚಿದರೆ ತ್ರಿಕೋನ, ಅಂದರೆ ಹಾಯಿ. ಒಳಗೆ ಕಾಯಿ ಬೆಲ್ಲ. ಬಿಸಿಯಲ್ಲಿ ಒಂದರ ಮೇಲೊಂದು ಇಟ್ಟರೆ ಅಂಟುತ್ತದೆ, ಒಂದೊಂದೇ ಆರಿಸಿ ಪೇರಿಸಿ. ಗೋಳಿಬಜೆ ಬಲೆಯ ತೇಲುಗುಂಡುಗಳು. ಅತ್ತೆ ಕೆಸುವಿನೆಲೆಯ ಪತ್ರೊಡೆ ಮಾಡುತ್ತೇನೆ ಎಂದರೆ ಬೇಡ ಎನ್ನಬೇಡಿ, ಹುಳಿ ಚೆನ್ನಾಗಿ ಹಾಕಿ ಹದವಾಗಿ ಬೇಯಿಸಿದ್ದು ಆಗಲಿ, ಕೆಸುವಿನ ತುರಿಕೆ ಮಕ್ಕಳ ಗಂಟಲಿಗೆ ತಾಗಿದರೆ ಕಷ್ಟ. ಬೇಡವೆಂದ ಮಕ್ಕಳ ಪಾಲನ್ನು ಕರೆದೊಯ್ಯಲು ಬಂದ ಅಮ್ಮಂದಿರು ತಿನ್ನುತ್ತಾರೆ. ಮೀನು ಮಾತ್ರ ಮಾಡಬೇಡಿ. ಮುಳ್ಳು, ಆರು ವರ್ಷ, ನಗು, ಓಟ ಒಟ್ಟಿಗೆ ಸೇರಬಾರದು. ಎಲ್ಲ ಮನೆಯ ಮಕ್ಕಳೂ ಒಟ್ಟಿಗೆ ಉಣ್ಣಬೇಕಾದರೆ ಸಸ್ಯಾಹಾರವೇ ನೆಮ್ಮದಿ.

ಕೆಲವನ್ನು ಗಟ್ಟಿಯಾಗಿ ಹೇಳಬೇಕು. ಊದದ ಬಲೂನು, ಒಡೆದ ಬಲೂನಿನ ಚೂರು ಪುಟ್ಟ ಮಕ್ಕಳ ಉಸಿರುಗಟ್ಟಿಸಬಲ್ಲವು. ಎಂಟು ವರ್ಷದೊಳಗಿನವರ ಕೈಗೆ ಊದಲು ಕೊಡಬಾರದು, ಒಡೆದ ಕೂಡಲೇ ಚೂರು ಹೆಕ್ಕಬೇಕು. ತೇಲುವ ಗ್ಯಾಸ್ ಬಲೂನಿನಲ್ಲಿ ಎಷ್ಟೋ ಕಡೆ ಹೈಡ್ರೋಜನ್ ತುಂಬಿರುತ್ತಾರೆ, ದೀಪದ ಹತ್ತಿರ ಬಂದರೆ ಬೆಂಕಿಯ ಉಂಡೆ. ನೊರೆ ಚಿಮ್ಮಿಸುವ ಸ್ಪ್ರೇ ಸಹ ಬೆಂಕಿ ಹಿಡಿಯುತ್ತದೆ, ಅದನ್ನು ಯಾರು ತಂದರೂ ಬಾಗಿಲಲ್ಲೇ ತೆಗೆದಿಟ್ಟುಬಿಡಿ. ಅಲಂಕಾರದ ಪುಟ್ಟ ಎಲ್ಇಡಿ ದೀಪಗಳಲ್ಲಿರುವ ಗುಂಡಿ ಬ್ಯಾಟರಿ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ. ಪಾಪ್‌ಕಾರ್ನ್, ಇಡೀ ನೆಲಗಡಲೆ, ಇಡೀ ದ್ರಾಕ್ಷಿ ಪುಟಾಣಿಗಳ ಹತ್ತಿರ ಬೇಡ. ನಿಮ್ಮದು ಎರಡನೇ ಮಹಡಿ, ಬಾಲ್ಕನಿಯ ಬಾಗಿಲಿಗೆ ಬೀಗ ಹಾಕಿ ಬೀಗದ ಕೈ ನಿಮ್ಮ ಕೈಯಲ್ಲೇ ಇರಲಿ. ಸೋಫಾ, ಟೀಪಾಯಿ ಬೆಡ್‌ರೂಮಿಗೆ ಸರಿಸಿ.

ಹೊತ್ತು ಸಂಜೆ 4ರಿಂದ 6. ಎರಡು ಗಂಟೆಗಿಂತ ಹೆಚ್ಚು ಬೇಡ, ಮಕ್ಕಳು ದಣಿದ ಮೇಲೆ ಎಷ್ಟು ಚೆಂದದ ಕಥೆಯೂ ನಿಲ್ಲದು. ಆಮಂತ್ರಣವನ್ನು ಕಾಗದದ ದೋಣಿಯೊಳಗೆ ಬರೆದು ಮಗ ಶಾಲೆಯಲ್ಲಿ ಕೊಡಲಿ, ಅಮ್ಮಂದಿರಿಗೆ ಫೋನಿನಲ್ಲಿ ಬೇರೆ ಸಂದೇಶ ಹಾಕಿ: ಇನ್ನೊಂದು ಜತೆ ಬಟ್ಟೆ ಕಳಿಸಿ, ತಿನ್ನಬಾರದ್ದು ಏನಾದರೂ ಇದ್ದರೆ ತಿಳಿಸಿ, 6ಕ್ಕೆ ಸರಿಯಾಗಿ ಬನ್ನಿ. ದೊಡ್ಡವರು ನಾಲ್ವರು ಬೇಕು: ನೀವು, ನಿಮ್ಮ ಯಜಮಾನರು, ಅಜ್ಜ, ಅಡುಗೆಮನೆಗೆ ಅತ್ತೆ. ಪುಟಾಣಿಗಳ ಅಮ್ಮಂದಿರನ್ನು ಮಾತ್ರ ಉಳಿಯಲು ಹೇಳಿ.

ಕಳೆದ ವರ್ಷ ಮಗ ಅತ್ತದ್ದಕ್ಕೆ ಅವನನ್ನು ಹೆದರುಪುಕ್ಕಲ ಎಂದು ಯಾರೂ ಛೇಡಿಸದಂತೆ ನೋಡಿಕೊಳ್ಳಿ. ಕಣ್ಣು ಮಿಟುಕಿಸದ, ತುಟಿ ಅಲುಗದ ದೊಡ್ಡ ಮುಖ ಹತ್ತಿರ ಬಂದರೆ ಆ ವಯಸ್ಸಿನ ಎಷ್ಟೋ ಮಕ್ಕಳು ಹೆದರುತ್ತಾರೆ. ಈ ಸಲ ವೇಷ ಹಾಕುವವರು ಅವರೇ, ತೆರೆಯ ಹಿಂದಿನಿಂದ ಬರುವವರೂ ಅವರೇ. ಪಿಲಿವೇಷದ (ಹುಲಿವೇಷದ) ಥೀಮ್ ಯೋಚಿಸುತ್ತಿರುವ ಬೇರೆ ಓದುಗರಿಗೂ ಇಲ್ಲೇ ಹೇಳಿಬಿಡುತ್ತೇನೆ: ಮುಖಕ್ಕೆ ಪೋಸ್ಟರ್ ಬಣ್ಣ, ಗೋಡೆಯ ಬಣ್ಣ ಬಳಿಯಬೇಡಿ, ಮುಖಕ್ಕೆಂದೇ ಮಾಡಿದ ಬಣ್ಣವನ್ನೂ ಹಿಂದಿನ ದಿನ ಮುಂಗೈಗೆ ಹಚ್ಚಿ ನೋಡಿ. ಭೂತಕೋಲದ ದೈವದ ಅಣಿ (ಬೆನ್ನಿಗೆ ಕಟ್ಟುವ ದೊಡ್ಡ ಅಲಂಕಾರ), ವೇಷ ಮಾತ್ರ ಹುಟ್ಟುಹಬ್ಬದ ಆಟಕ್ಕೆ ತರಬಾರದು. ನಂಬಿದವರಿಗೆ ಅದು ಆಟದ ವಸ್ತುವಲ್ಲ.

ನಿಮ್ಮ 5,000ದಲ್ಲಿ ಅರ್ಧ ಉಳಿದೀತು. ಉಳಿದದ್ದರಲ್ಲಿ ಮಗನಿಗೊಂದು ಒಳ್ಳೆಯ ಟಾರ್ಚ್ ತೆಗೆಸಿಕೊಡಿ. ರಟ್ಟಿನ ಮೂತಿಯನ್ನು ಮರುದಿನವೇ ಗುಜರಿಗೆ ಹಾಕಬೇಡಿ, ಒಂದು ವಾರ ಹಾಲಿನಲ್ಲೇ ಇರಲಿ, ಅವನು ಅದರೊಳಗೆ ಕೂತೇ ಊಟ ಮಾಡಿದರೂ ಮಾಡಲಿ. ಆಗಸ್ಟ್ ಬಂದ ಮೇಲೆ, ಕಡಲು ಶಾಂತವಾಗಿ ಬೋಟುಗಳು ಹೊರಡುವ ದಿನ ಅಜ್ಜನಿಗೆ ತಿಳಿಯುತ್ತದೆ. ಅಂದು ಬೆಳಿಗ್ಗೆ ಅವನನ್ನು ಎಬ್ಬಿಸಿ ದಕ್ಕೆಗೆ ಕಳಿಸಿ, ತಲೆಗೆ ಮುಟ್ಟಾಳೆ ಮರೆಯಬೇಡಿ.